ಕೈಯಾಳು ಮೇಸ್ತ್ರಿ ಆಗೋದು ಯಾವಾಗ?

ಚಾಮರಾಜನಗರ ಅಂದ ಕೂಡಲೇ ನಮ್ಮ ರಾಜಕಾರಣಿಗಳಿಗೆ ನೆನಪಾಗೋದು ಕುರ್ಚಿ. ಅಲ್ಲಿಗೆ ಹೋದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಅನ್ನೋ ಮೂಢನಂಬಿಕೆ. ಇವತ್ತು ಆ ಕುರ್ಚಿಯ ಕಥೆ ಬೇಡ. ಕರಣೆಯ ಕಥೆ ಮಾತಾಡೋಣ.

1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆಯಾಯಿತು. ಆಮೇಲೆ ಕಚೇರಿಗಳು ಬಂದವು, ಮೆಡಿಕಲ್ ಕಾಲೇಜು ಬಂತು, ಬದನಗುಪ್ಪೆ-ಕೆಲ್ಲಂಬಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಬಂತು. ಇತ್ತ ಗುಂಡ್ಲುಪೇಟೆ, ಊಟಿಗೂ ವಯನಾಡಿಗೂ ದಾರಿ ಕವಲೊಡೆಯುವ ಊರು. ಅಲ್ಲಿ ಲಾಡ್ಜು, ಹೋಟೆಲು, ಹೋಂಸ್ಟೇ. ಈ ನೆಲದ ಕರಿಕಲ್ಲು ವಿದೇಶಕ್ಕೆ ಹೋಗುತ್ತೆ. ಅಂದಮೇಲೆ ಕಟ್ಟೋ ಕೆಲಸಕ್ಕೇನೂ ಬರ ಇಲ್ಲ.

ಆದರೆ ಯಾವುದಾದರೂ ಸೈಟಿಗೆ ಹೋಗಿ ಒಂದು ಪ್ರಶ್ನೆ ಕೇಳಿ. ಜಲ್ಲಿ, ಮರಳು ಹೊರೋರು ಯಾರು? ಟೈಲ್ಸ್ ಕೂರಿಸೋರು, ವೈರಿಂಗ್ ಮಾಡೋರು, ಕಂಬಿ ಕಟ್ಟೋರು ಯಾರು? ಹೊರೋದು ಊರಿನ ಹುಡುಗ, ಕೂರಿಸೋದು ಹೊರಗಿನಿಂದ ಬಂದವರು ಅನ್ನೋ ಉತ್ತರ ಸಿಕ್ಕರೆ ಆಶ್ಚರ್ಯಪಡಬೇಡಿ. ಹೊರಗಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೆಲಸ ಕಲಿತು ಬಂದಿದ್ದಾರೆ, ದುಡಿಯುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ನಮ್ಮ ಹುಡುಗನಿಗೆ ಕಲಿಸಿದವರು ಯಾರು?

ತರಬೇತಿ ಇಲ್ವಾ ಅಂತೀರಾ? ಇದೆ ಸ್ವಾಮಿ. ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಕೋರ್ಸುಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿ ಇವತ್ತು ದೇಶದ ಜಿಲ್ಲೆ ಜಿಲ್ಲೆಗೂ ಹೋಗಿದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. 2023ರ ವಿಶ್ವಕರ್ಮ ಯೋಜನೆಯಲ್ಲಿ ಗಾರೆ ಕೆಲಸದವರಿಗೆ ದಿನಕ್ಕೆ 500 ರೂಪಾಯಿ ಭತ್ಯೆ ಕೊಟ್ಟು ತರಬೇತಿ, ಉಪಕರಣಕ್ಕೆ 15,000 ರೂಪಾಯಿ. ಆದರೆ ಅದು ಕಸುಬು ಈಗಾಗಲೇ ಬಲ್ಲವರಿಗೆ. ಹೊಸದಾಗಿ ಕಲಿಯಬೇಕಾದ ಹುಡುಗನ ಲೆಕ್ಕ ಬೇರೆ. ಅವನು ಒಂದು ತಿಂಗಳು ಕಲಿಯೋಕೆ ಕೂತರೆ ಮನೆಗೆ ಒಂದು ತಿಂಗಳ ಕೂಲಿ ಖೋತಾ. ಅಮ್ಮ ಅಂಗಡಿ ಸಾಲ ತೀರಿಸೋದು ಆ ಕೂಲಿಯಲ್ಲೇ. ಅದಕ್ಕೇ ಅವನು ಉಚಿತ ತರಬೇತಿ ಬಿಟ್ಟು ಕೇರಳದ ಬಸ್ಸು ಹತ್ತುತ್ತಾನೆ. ಸೋಮಾರಿತನ ಅಂತ ಅವನನ್ನು ಬೈಯೋದು ಸುಲಭ.

ಇನ್ನೊಂದು ಮಾತು. 1996ರಲ್ಲೇ ಕಟ್ಟಡ ಕಾರ್ಮಿಕರ ಕಾನೂನು ಬಂತು. ಕಟ್ಟಡದ ವೆಚ್ಚದ ಮೇಲೆ ಶೇಕಡಾ 1 ಸೆಸ್. ಕಲ್ಯಾಣ ಮಂಡಳಿಗೆ ಹೀಗೆ ಸಾವಿರಾರು ಕೋಟಿ ಬಂದಿದೆ. ಅದರ ಸೌಲಭ್ಯ ಸಿಗಬೇಕಾದರೆ ಕಾರ್ಡ್ ಬೇಕು, ಕಾರ್ಡಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಇವತ್ತು ಈ ಸೈಟು, ನಾಳೆ ಆ ಸೈಟು ಅಂತ ಓಡಾಡೋ ಕೈಯಾಳಿಗೆ ಸಹಿ ಹಾಕಿಕೊಡೋರು ಯಾರು?

2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಕಲ್ಲುಕ್ವಾರಿ ಕುಸಿದು ಕಾರ್ಮಿಕರು ಸತ್ತರು. ಕಲ್ಲಿನ ಕೆಲಸದಲ್ಲಾಗಲಿ, ಕಟ್ಟಡದ ಕೆಲಸದಲ್ಲಾಗಲಿ, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಅನ್ನೋದನ್ನ ಹೇಳಿಕೊಡೋದೂ ತರಬೇತಿಯೇ. ಹೆಲ್ಮೆಟ್ಟು, ಹಗ್ಗ ಇವೆಲ್ಲ ಫೋಟೋಗೆ ಇರೋದಲ್ಲ.

ಏನು ಮಾಡಬಹುದು? ದೊಡ್ಡ ಮಾತು ಬೇಡ, ಮೂರು ಸಣ್ಣ ಕೆಲಸ ಸಾಕು. ಒಂದು, ಜಿಲ್ಲೆಯ ಪ್ರತಿ ಸರ್ಕಾರಿ ಕಾಮಗಾರಿಯ ಟೆಂಡರಿನಲ್ಲೇ ಬರೆಯಿರಿ: ಇಷ್ಟು ಜನ ಸ್ಥಳೀಯರನ್ನು ಕೂಲಿ ಕೊಟ್ಟು ಕಲಿಕೆಗೆ ತೆಗೆದುಕೊಳ್ಳಬೇಕು. ಕಲಿಯುವಾಗಲೂ ಮನೆಗೆ ದುಡ್ಡು ಹೋಗಬೇಕು. ಎರಡು, ಹತ್ತಾರು ವರ್ಷ ಕೆಲಸ ಮಾಡಿದ ಮೇಸ್ತ್ರಿಯನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡಿ, ಅವರಿಂದಲೇ ಹುಡುಗರಿಗೆ ಕಲಿಸಿ, ಅದಕ್ಕೆ ಗೌರವಧನ ಕೊಡಿ. ಮೂರು, ಕಾಡಂಚಿನ ಸೋಲಿಗರ ಪೋಡುಗಳಲ್ಲಿ, ಜೇನುಕುರುಬರ ಹಾಡಿಗಳಲ್ಲಿ ಸರ್ಕಾರಿ ಮನೆ ಕಟ್ಟುವಾಗ ಅಲ್ಲಿನ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಆ ಕೆಲಸವನ್ನೇ ಪಾಠ ಮಾಡಿ. ಗುತ್ತಿಗೆದಾರ ಬಿಲ್ ಮಾಡಿಕೊಂಡು ಹೋದ ಮೇಲೆ ಮಳೆಗೆ ಸೋರಿದರೆ ರಿಪೇರಿ ಮಾಡೋರು ಹಾಡಿಯಲ್ಲೇ ಇರುತ್ತಾರೆ.

ಹೆಣ್ಣುಮಕ್ಕಳ ವಿಷಯ ಒತ್ತಿ ಹೇಳ್ತೀನಿ. ಗಂಡಸು ಹತ್ತು ವರ್ಷದಲ್ಲಿ ಮೇಸ್ತ್ರಿ ಆದರೂ ಆದಾನು. ಹೆಂಗಸು ತಲೆ ಮೇಲೆ ಬಾಂಡ್ಲಿ ಹೊತ್ತುಕೊಂಡೇ ಮುದುಕಿ ಆಗ್ತಾಳೆ. ಅವಳ ಕೈಗೆ ಕರಣೆ ಕೊಡಬಾರದು ಅಂತ ಯಾವ ಕಾನೂನಿದೆ?

ಜಿಲ್ಲಾಡಳಿತಕ್ಕೆ ನನ್ನದೊಂದು ವಿನಂತಿ. ಮುಂದಿನ ಸಲ ಗುದ್ದಲಿ ಪೂಜೆ ಮಾಡುವಾಗ ಕಟ್ಟಡದ ವೆಚ್ಚ ಎಷ್ಟು ಕೋಟಿ ಅಂತ ಬೋರ್ಡ್ ಹಾಕ್ತೀರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಈ ಕಟ್ಟಡ ಮುಗಿಯುವ ಹೊತ್ತಿಗೆ ಊರಿನ ಎಷ್ಟು ಜನ ಕೆಲಸ ಕಲಿತಿರುತ್ತಾರೆ? ಉದ್ಘಾಟನೆಯ ದಿನ ಆ ಲೆಕ್ಕ ಕೇಳೋಕೆ ನಾವು ಕ್ಯಾಮೆರಾ ಹಿಡಿದು ಬರ್ತೀವಿ.