ಭೋಗಿಯ ಹೊಗೆ ಮತ್ತು ಸರಾಸರಿಯ ಲೆಕ್ಕ

ತಮಿಳುನಾಡಿನಲ್ಲಿ ಪೊಂಗಲಿನ ಮುನ್ನಾದಿನ ಭೋಗಿ. ಬೆಳಕು ಹರಿಯುವ ಮೊದಲೇ ಹಳೆಯ ಚಾಪೆ, ಪೊರಕೆ, ಹರಿದ ಬಟ್ಟೆಗಳನ್ನು ಮನೆಯ ಮುಂದೆ ರಾಶಿ ಹಾಕಿ ಸುಡುತ್ತಾರೆ; ಮಕ್ಕಳು ಸುತ್ತ ನಿಂತು ಪುಟ್ಟ ತಮಟೆ ಬಾರಿಸುತ್ತಾರೆ. ಆಚರಣೆಯ ಹಿನ್ನೆಲೆಯಾಗಲಿ, ವಾಯುಮಾಲಿನ್ಯದ ಸಾಮಾನ್ಯ ಕಾರಣಗಳಾಗಲಿ ಪಠ್ಯಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಹಬ್ಬದ ಹೊಗೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ವಾಹನ, ಕಾರ್ಖಾನೆ, ರಸ್ತೆಯ ದೂಳು ವರ್ಷವಿಡೀ ಕಾರುವುದರ ಮುಂದೆ ಒಂದು ಮುಂಜಾವಿನ ಬೆಂಕಿ ಲೆಕ್ಕಕ್ಕಿಲ್ಲ ಎಂಬುದು ಒಂದು ಪಕ್ಷ. ವಾರ್ಷಿಕ ಸರಾಸರಿಯ ಮಟ್ಟಿಗೆ ಅದು ಸರಿ. ಆದರೆ ಸರಾಸರಿಗೆ ಮರೆಮಾಚುವ ಗುಣವೂ ಇದೆ. ಉದಾಹರಣೆಗೆ, ನಾಲ್ಕು ಗಂಟೆ ಕಾಲ ಪಿಎಂ 2.5 ಕಣಗಳು ಘನ ಮೀಟರಿಗೆ 400 ಮೈಕ್ರೋಗ್ರಾಂ, ಉಳಿದ ಇಪ್ಪತ್ತು ಗಂಟೆ 50 ಇದ್ದವೆಂದು ಭಾವಿಸಿದರೆ ದಿನದ ಸರಾಸರಿ ಸುಮಾರು 108. ಅದೇ ಏರಿಕೆಯನ್ನು 365 ದಿನಗಳಿಗೆ ಹಂಚಿದರೆ 0.16 ಮಾತ್ರ. 2009ರ ರಾಷ್ಟ್ರೀಯ ಮಾನದಂಡ ದಿನಕ್ಕೆ 60, ವರ್ಷಕ್ಕೆ 40. ವಾರ್ಷಿಕ ಮಿತಿಯ ಮುಂದೆ ಕಾಣಿಸದಷ್ಟು ಸಣ್ಣದಾದ ಹೊಗೆ ದಿನದ ಮಿತಿಯನ್ನು ಧಾರಾಳವಾಗಿ ದಾಟಿರುತ್ತದೆ. ಉಬ್ಬಸದ ಮಗು ಉಸಿರಾಡುವುದು ಆ ನಾಲ್ಕು ಗಂಟೆಯ ಗಾಳಿಯನ್ನು. ಯಾವ ಅಂಕಿ ಕಂಡರೂ ಮೊದಲು ಅದರ ಅವಧಿಯನ್ನು ಕೇಳಬೇಕು.

ಹೊತ್ತೂ ಇಲ್ಲಿ ನಿರ್ಣಾಯಕ. ಜನವರಿಯ ರಾತ್ರಿ ನೆಲ ಬೇಗ ತಣಿದು, ತಣ್ಣನೆಯ ಗಾಳಿ ಕೆಳಗೂ ಬೆಚ್ಚನೆಯದು ಮೇಲೂ ನಿಲ್ಲುತ್ತದೆ; ಹೊಗೆ ಮೇಲೇರಲಾರದು. ಚೆನ್ನೈಯಂಥ ಕಡಲತೀರದ ತೇವದಲ್ಲಿ ಕಣಗಳು ನೀರು ಹೀರಿ ಹಿಗ್ಗಿ ನೋಟವನ್ನೂ ಮಬ್ಬುಗೊಳಿಸುತ್ತವೆ. 2018ರ ಜನವರಿ 13ರಂದು, ಭೋಗಿಯ ಬೆಳಿಗ್ಗೆ, ಅಲ್ಲಿ ವಿಮಾನ ಸಂಚಾರ ಅಸ್ತವ್ಯಸ್ತಗೊಂಡಿತು. ಹಳೆ ಮೈಸೂರಿನ ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವುದು ಸಂಜೆ. ಉರಿಯುವುದು ಬರೀ ಹುಲ್ಲು, ಅದೂ ಕೆಲವೇ ನಿಮಿಷ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಶಾಸ್ತ್ರೀಯವಲ್ಲ.

ಇನ್ನೊಂದು ಪಕ್ಷ ಸುಡುವುದನ್ನೇ ನಿಷೇಧಿಸಬೇಕೆನ್ನುತ್ತದೆ. ಅದಕ್ಕೆದುರಾಗಿ ಸಂಪ್ರದಾಯಕ್ಕೆ ಕೈ ಹಚ್ಚಬಾರದೆಂಬ ಕೂಗು ಏಳುತ್ತದೆ. ಏನನ್ನು ಸುಡುತ್ತಿದ್ದೇವೆ ಎಂಬುದನ್ನು ಇಬ್ಬರೂ ಬಿಟ್ಟುಬಿಡುತ್ತಾರೆ. ಡನ್‌ಲಪ್ ಗಾಳಿ ತುಂಬಿದ ಟೈರನ್ನು ರೂಪಿಸಿದ್ದೇ 1888ರಲ್ಲಿ; ಭೋಗಿಯ ಬೆಂಕಿಗೆ ಟೈರು ಹಾಕುವುದನ್ನು ಪೂರ್ವಜರ ಆಚರಣೆಯೆಂದು ಸಮರ್ಥಿಸಲು ಯಾವ ಆಧಾರವೂ ಇಲ್ಲ. ಟೈರಿನ ಬೆಂಕಿಯಿಂದ ದಟ್ಟ ಮಸಿ, ಗಂಧಕದ ಡೈಆಕ್ಸೈಡ್, ಬೆಂಜೀನ್ ಹೊರಬೀಳುತ್ತವೆ; ಪಿವಿಸಿ ಪ್ಲಾಸ್ಟಿಕ್ಕಿನಿಂದ ಹೈಡ್ರೋಜನ್ ಕ್ಲೋರೈಡ್, ಜೊತೆಗೆ ಡೈಆಕ್ಸಿನ್. ಬೀದಿಯ ಬೆಂಕಿಗೆ ಇವನ್ನು ಪೂರ್ತಿ ದಹಿಸುವಷ್ಟು ಶಾಖವಿಲ್ಲ. ಚಾಪೆಯ ಹೊಗೆ ನಿರಪಾಯವೆಂದಲ್ಲ; ಅದರಲ್ಲೂ ಸೂಕ್ಷ್ಮ ಕಣಗಳುಂಟು. ಆದರೂ ಮೊದಲು ಹೊರಗಿಡಬೇಕಾದದ್ದು ಟೈರು ಮತ್ತು ಪ್ಲಾಸ್ಟಿಕ್.

ಚೆನ್ನೈ ಮಹಾನಗರ ಪಾಲಿಕೆ ಇತ್ತೀಚಿನ ವರ್ಷಗಳಲ್ಲಿ ಭೋಗಿಗೆ ಮೊದಲೇ ಹಳೆಯ ಸಾಮಾನುಗಳನ್ನು ಸಂಗ್ರಹಿಸುತ್ತಿದೆ. ಇದರ ಫಲವನ್ನು ದಿನದ ಸರಾಸರಿಯಿಂದ ನಿರ್ಣಯಿಸಲಾಗದು. ಬೆಳಗಿನ ಜಾವದ ಗಂಟೆ ಗಂಟೆಯ ಅಂಕಿಗಳನ್ನು, ಗಾಳಿಯ ವೇಗ ಮತ್ತು ತೇವಾಂಶದೊಂದಿಗೆ, ವರ್ಷದಿಂದ ವರ್ಷಕ್ಕೆ ಹೋಲಿಸಬೇಕು.