ಎತ್ತಿಡಲಾಗದ ಬೀಜ

ಬೀಜವೆಂದರೆ ಒಣಗಿಸಿ ಎತ್ತಿಡುವ ವಸ್ತು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಭತ್ತ, ರಾಗಿ, ಅವರೆಗಳನ್ನು ಮುಂದಿನ ಬಿತ್ತನೆಗೆಂದು ಜೋಪಾನ ಮಾಡುವ ನಾಡಿನಲ್ಲಿ ಹುಟ್ಟಿದವನಿಗೆ ಬೇರೆಯ ಯೋಚನೆ ಬರುವುದಾದರೂ ಹೇಗೆ? ಈ ನಂಬಿಕೆಯಿಂದಲೇ ನಾನು ಒಂದು ಮರದ ಸಂತತಿಯನ್ನು ಕಳೆದುಕೊಳ್ಳುವುದರಲ್ಲಿದ್ದೆ. ಆ ಪ್ರಸಂಗವನ್ನು ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮಲೆನಾಡಿನ ನಮ್ಮ ಹಳೆಯ ಮನೆಯ ಅಂಚಿನಲ್ಲಿ ಒಂದು ಬಕ್ಕೆ ಹಲಸಿನ ಮರವಿತ್ತು. ರಸ್ತೆಯನ್ನು ಅಗಲ ಮಾಡುವಾಗ ಅದು ಉರುಳಿತು. ಕೊನೆಯದಾಗಿ ಇಳಿಸಿದ ಹಣ್ಣಿನ ಬೀಜಗಳನ್ನು ನಾನು ತಂದು, ತೊಳೆದು, ಎಂಟು ದಿನ ಬಿಸಿಲಿನಲ್ಲಿ ಒಣಗಿಸಿ, ಗಾಜಿನ ಭರಣಿಯಲ್ಲಿ ತುಂಬಿ, ತಾರೀಖಿನ ಚೀಟಿ ಅಂಟಿಸಿ, ಪುಸ್ತಕದ ಕಪಾಟಿನಲ್ಲಿ ಇಟ್ಟೆ. ಮರುವರ್ಷದ ಮುಂಗಾರಿನಲ್ಲಿ ಇಪ್ಪತ್ತು ಬೀಜಗಳನ್ನು ಬಿತ್ತಿ ಎರಡು ತಿಂಗಳು ಕಾದೆ. ಒಂದೂ ಮೊಳೆಯಲಿಲ್ಲ.

ಕಾರಣವನ್ನು ಆಮೇಲೆ ಓದಿ ತಿಳಿದೆ. ಬೀಜಗಳಲ್ಲಿ ಎರಡು ಸ್ವಭಾವಗಳುಂಟು. 1973ರಲ್ಲಿ ಇ. ಎಚ್. ರಾಬರ್ಟ್ಸ್ ಎಂಬ ವಿಜ್ಞಾನಿ ಒಂದಕ್ಕೆ 'ಸಂಪ್ರದಾಯನಿಷ್ಠ', ಇನ್ನೊಂದಕ್ಕೆ 'ಮೊಂಡು' ಎಂಬರ್ಥದ ಹೆಸರುಗಳನ್ನು ಕೊಟ್ಟರು. ಮೊದಲಿನವು ಒಣಗಿ ನಿದ್ರಿಸುತ್ತವೆ. ಇಸ್ರೇಲಿನ ಮಸಾಡ ಕೋಟೆಯಲ್ಲಿ ದೊರೆತ, ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆಯಿತು. ಆದರೆ ಹಲಸು, ಮಾವು, ಕೋಕೋ, ರಬ್ಬರ್ ಮೊದಲಾದವು ಮೊಂಡು ಬೀಜಗಳು. ಅವು ಉದುರುವುದು ಬೆಚ್ಚಗಿನ ಹಸಿ ನೆಲದ ಮೇಲೆ. ಕಾಯುವ ಅಗತ್ಯವೇ ಅವಕ್ಕೆ ಒದಗಲಿಲ್ಲ. ಒಳಗಿನ ತೇವ ಆರಿತೆಂದರೆ ಜೀವಕಣಗಳೇ ಕೆಡುತ್ತವೆ. 1876ರಲ್ಲಿ ಹೆನ್ರಿ ವಿಕ್ಹ್ಯಾಮ್ ಬ್ರೆಜಿಲ್‌ನಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸುಮಾರು 70,000 ರಬ್ಬರ್ ಬೀಜಗಳನ್ನು ಸಾಗಿಸಿದಾಗ ಮೊಳೆತದ್ದು ನೂರಕ್ಕೆ ನಾಲ್ಕರಷ್ಟು ಮಾತ್ರ.

ಇದನ್ನೆಲ್ಲ ಓದುವಾಗ ನನಗೆ ಅಮ್ಮನ ನೆನಪಾಯಿತು. ಮಳೆಗಾಲದ ಹುಳಿಗೆಂದು ಅವರು ಹಲಸಿನ ಬೀಜಗಳಿಗೆ ಕೆಮ್ಮಣ್ಣು ಬಳಿದು ಕತ್ತಲೆಯ ಮೂಲೆಯಲ್ಲಿ ರಾಶಿ ಹಾಕುತ್ತಿದ್ದರು. ಕಾಲೇಜು ಹುಡುಗನಾಗಿದ್ದ ನಾನು, "ಈ ಮಣ್ಣೇಕಮ್ಮ?" ಎಂದು ನಗುತ್ತಿದ್ದೆ. "ಒಣಗಿದರೆ ಅದರ ಜೀವ ಹೋಗುತ್ತದೆ ಕಣೋ" ಎನ್ನುತ್ತಿದ್ದರು. ಮೂವತ್ತು ವರ್ಷ ಶಬ್ದಾರ್ಥ ಹೇಳಿಕೊಟ್ಟ ನಾನು ಆ 'ಜೀವ'ವನ್ನು ಅಲಂಕಾರವೆಂದು ಭಾವಿಸಿದ್ದೆ; ಅದು ವಾಚ್ಯಾರ್ಥವೇ ಆಗಿತ್ತು.

ಹಲಸನ್ನು ಮೊಳೆಯಿಸುವುದು ಕಷ್ಟವೇನಲ್ಲ. ಚೆನ್ನಾಗಿ ಮಾಗಿದ ಹಣ್ಣಿನ ದಪ್ಪ ಬೀಜಗಳನ್ನು ಆರಿಸಿ, ಲೋಳೆ ಹೋಗುವಂತೆ ತೊಳೆದು, ಒಂದು ದಿನ ನೀರಿನಲ್ಲಿ ನೆನೆಸಬೇಕು. ಕೆಮ್ಮಣ್ಣು, ಮರಳು, ಹಳೆಯ ಗೊಬ್ಬರ ಬೆರೆಸಿದ ಆಳವಾದ ಕುಂಡದಲ್ಲಿ ಒಂದಂಗುಲ ಕೆಳಗೆ ಮಲಗಿಸಿ, ನೆರಳಿನಲ್ಲಿಟ್ಟು, ನೀರು ನಿಲ್ಲದಂತೆ ತೇವ ಕಾಪಾಡಿದರೆ ಮೂರರಿಂದ ಎಂಟು ವಾರಗಳಲ್ಲಿ ಮೊಳಕೆ ಕಾಣುತ್ತದೆ. ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಸಸಿ ಚಿಕ್ಕದಿರುವಾಗಲೇ ನೆಲಕ್ಕೆ ಸೇರಿಸುವುದು ಒಳ್ಳೆಯದು.

ಅದೇ ಕೊನೆಯ ಹಣ್ಣಿನ ಒಂದು ಪಾಲನ್ನು ನನ್ನ ತಂಗಿಯೂ ಒಯ್ದಿದ್ದಳು. ತೊಳೆ ತಿಂದು, ಬೀಜಗಳನ್ನು ಗೊಬ್ಬರಗುಂಡಿಯ ಪಕ್ಕ ಎಸೆದು ಮರೆತಿದ್ದಳು. ಅಲ್ಲಿ ನಾಲ್ಕು ಸಸಿಗಳು ಎದ್ದವು! ಒಂದು ಈಗ ನನ್ನ ಅಂಗಳದಲ್ಲಿ ಮೊಣಕಾಲೆತ್ತರ ಬೆಳೆದಿದೆ. ಅದರ ಹಣ್ಣು ತಾಯಿಮರದ ಹಣ್ಣಿನಂತೆಯೇ ಇದ್ದೀತೆಂಬ ಭರವಸೆಯಿಲ್ಲ. ಹಲಸು ಪರಪರಾಗದಿಂದ ಫಲಿಸುವ ಮರ. ಅದೇ ರುಚಿ ಬೇಕಿದ್ದರೆ ಮರ ನಿಂತಿದ್ದಾಗಲೇ ಕಸಿ ಕಟ್ಟಿಸಬೇಕಾಗಿತ್ತು. ಆ ಬುದ್ಧಿಯೂ ನನಗೆ ತಡವಾಗಿ ಬಂತು.

ಈ ಸಲ ಹಲಸು ತಮ್ಮ ಮನೆಗೆ ಬಂದಾಗ ನಾಲ್ಕು ಬೀಜಗಳನ್ನು ಮಣ್ಣಿಗೆ ಹಾಕಿ. ಜಾಗವಿಲ್ಲವಾದರೆ, ಜಾಗವಿದ್ದವರ ಕೈಗೆ ಅಂದೇ ಕೊಟ್ಟುಬಿಡಿ. ದಯವಿಟ್ಟು ಭರಣಿಯಲ್ಲಿ ಮಾತ್ರ ಇಡಬೇಡಿ.