ಚಂದ್ರವಳ್ಳಿಯ ಬೆಳ್ಳಿ ನಾಣ್ಯಗಳು

ಚಿತ್ರದುರ್ಗದ ಕೋಟೆಯನ್ನು ತಮ್ಮಲ್ಲಿ ಬಹುಮಂದಿ ನೋಡಿರಬಹುದು. ಅದರ ಮಗ್ಗುಲಿನ ಚಂದ್ರವಳ್ಳಿಗೆ ಹೋದವರೂ ಅಂಕಲಿ ಮಠದ ಗುಹೆಗಳನ್ನು ಕಂಡು, ಕೆರೆಯ ದಡದಲ್ಲಿ ಬುತ್ತಿ ಬಿಚ್ಚಿ ಉಂಡು ಹಿಂತಿರುಗುತ್ತಾರೆ. ಆ ಮಣ್ಣಿನಲ್ಲಿ ಒಂದು ಪ್ರಾಚೀನ ಪಟ್ಟಣ ಹುದುಗಿದೆಯೆಂಬುದು ನೆನಪಾಗುವುದು ಕಡಮೆ. ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿಗೆ, ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಅಲ್ಲಿ ಅಗೆಸಿದರು. ಆ ನೆಲದಲ್ಲಿ ಸಾತವಾಹನರ ಕಾಲದ ಸೀಸದ ನಾಣ್ಯಗಳಲ್ಲದೆ ರೋಮಿನ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ದೊರೆತಿವೆ.

ಈ ನಾಣ್ಯದ ಹೆಸರು ದಿನಾರಿಯಸ್. ನಮ್ಮ ಹಳೆಯ ಗ್ರಂಥಗಳ ‘ದೀನಾರ’ ಹುಟ್ಟಿದ್ದು ಇದರಿಂದಲೇ. ತೂಕ ನಾಲ್ಕು ಗ್ರಾಮಿಗಿಂತ ತುಸು ಕಡಮೆ. ದಕ್ಷಿಣ ಭಾರತದಲ್ಲಿ ಹೇರಳವಾಗಿ ಸಿಕ್ಕಿರುವ ಟೈಬೀರಿಯಸನ ನಾಣ್ಯವೊಂದು ತಮ್ಮ ಅಂಗೈಯಲ್ಲಿದೆಯೆಂದು ಭಾವಿಸಿಕೊಳ್ಳಿ. ಒಂದು ಮುಖದಲ್ಲಿ ದೊರೆಯ ತಲೆ. ಇನ್ನೊಂದರಲ್ಲಿ ಕುಳಿತ ಸ್ತ್ರೀಮೂರ್ತಿ, ಸುತ್ತ ‘ಪಾಂಟಿಫ್ ಮ್ಯಾಕ್ಸಿಮ್’ ಎಂಬ ಅಕ್ಷರಗಳು. ಮಹಾಪುರೋಹಿತ ಎಂದರ್ಥ. ಆಗಸ್ಟಸ್ ಕ್ರಿ.ಪೂ. 12ರಲ್ಲಿ ಆ ಪದವಿಗೇರಿದ. ಮುಂದೆ ಅದು ಚಕ್ರವರ್ತಿಗಳ ಸೊತ್ತೇ ಆಯಿತು. ಆಗಸ್ಟಸನ ಒಂದು ನಾಣ್ಯದಲ್ಲಂತೂ ಅವನ ಮೊಮ್ಮಕ್ಕಳಿಬ್ಬರ ನಡುವೆ ಪೂಜೆಯ ಸೌಟನ್ನೂ ಶಕುನ ನೋಡುವವರ ಬಾಗಿದ ಕೋಲನ್ನೂ ಕೊರೆದಿದ್ದಾರೆ. ರಾಜ್ಯಕ್ಕೂ ಪೂಜೆಗೂ ನಾನೇ ಯಜಮಾನ ಎಂದು ಸಂತೆಸಂತೆಗೂ ಸಾರುವ ಉಪಾಯ! ನಮ್ಮ ಚಂದ್ರವಳ್ಳಿಯ ವರ್ತಕ ಬಹುಶಃ ಬೆಳ್ಳಿ ಚೊಕ್ಕವೋ ಅಲ್ಲವೋ ಎಂದಷ್ಟೇ ನೋಡಿದ್ದಾನು.

ಎಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜೇನ್‌ಬರ್ಟ್ ಕೂಡ ತನ್ನ ಹೆಸರಿನ ಬೆಳ್ಳಿ ಪೆನ್ನಿಗಳನ್ನು ಹೊರಡಿಸಿದ. ಚಂದ್ರವಳ್ಳಿಯ ಬಂಡೆ ಹೇಳುವ ಕಥೆ ಬೇರೆ ಬಗೆಯದು. ಅಲ್ಲಿನ ಶಾಸನದಲ್ಲಿ ಕೆರೆಯ ವಿಷಯ ಬರೆಸಿದ ಕದಂಬ ಮಯೂರಶರ್ಮ, ಓದಲೆಂದು ಕಂಚಿಯ ಘಟಿಕೆಗೆ ಹೋದ ಬ್ರಾಹ್ಮಣ. ಅಲ್ಲಿ ಅವಮಾನಗೊಂಡು ಕತ್ತಿ ಹಿಡಿದವನೆಂದು ತಾಳಗುಂದದ ಶಾಸನ ಹೇಳುತ್ತದೆ. ರೋಮಿನಲ್ಲಿ ದೊರೆ ಪುರೋಹಿತನಾದ. ಇಲ್ಲಿ ದರ್ಭೆ ಹಿಡಿದ ಕೈ ರಾಜ್ಯವನ್ನು ಹಿಡಿಯಿತು.

ಕಾಲ ಗೊತ್ತಿರುವ ನಾಣ್ಯ ಯಾವ ಪದರದಲ್ಲಿತ್ತೆಂದು ತಿಳಿದರೆ, ಜೊತೆಯ ಮಡಕೆಚೂರುಗಳಿಗೂ ಸುಮಾರಾಗಿ ಕಾಲ ಹೇಳಬಹುದು. ಅಕ್ಕಸಾಲಿಗನ ಮೂಸೆಗೆ ಬಿದ್ದರೆ ಒಂದು ಕಾಲುಂಗುರವಾದೀತು, ಅಷ್ಟೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ತಮಗೆ ಹೊಲಗದ್ದೆಗಳಿದ್ದರೆ, ಉಳುವವರಿಗೆ ಒಂದು ಮಾತು ಹೇಳಿಡಿ: ಹಳೆಯ ನಾಣ್ಯ ಸಿಕ್ಕರೆ ಹುಣಿಸೆಹಣ್ಣು ಹಾಕಿ ಉಜ್ಜುವುದು ಬೇಡ. ಸಿಕ್ಕ ಜಾಗಕ್ಕೊಂದು ಗೂಟ ನೆಟ್ಟು ತಹಶೀಲ್ದಾರರಿಗೆ ತಿಳಿಸಲಿ. ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಮಡಕೆಯ ಚೂರು ಇತ್ತೇ ಎಂಬುದನ್ನೂ ಬರೆದುಕೊಳ್ಳಲಿ.